ಗಾನಯೋಗಿಯ ಗುರುಪೀಠ

ಹಾನಗಲ್ ಸೀಮೆಯ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದ ಗದಿಗೆಯ್ಯನಿಗೆ ಕಣ್ಣಿರಲಿಲ್ಲ. ಅಣ್ಣ ಗುರುಬಸಯ್ಯನಿಗೂ ಇರಲಿಲ್ಲ. ಅಂದಿನ ಕಾಲಕ್ಕೆ ಇಂಥ ಮಕ್ಕಳ ಪಾಲಿಗಿದ್ದದ್ದು ಮನೆಯ ಮೂಲೆ, ಇಲ್ಲವೇ ಬೀದಿಯ ಭಿಕ್ಷೆ. ಹಾನಗಲ್ಲ ಕುಮಾರಸ್ವಾಮಿಗಳು ಅವರ ದನಿಗೆ ಮನಸೋತು ಕರೆದೊಯ್ದು ಸಾಕಿದರು, ಸಂಗೀತ ಕಲಿಸಿದರು. ಅಣ್ಣ ಬೇಗನೆ ತೀರಿಕೊಂಡ. ತಮ್ಮ ಪಂಚಾಕ್ಷರಿ ಗವಾಯಿಯಾದರು.

ಮೈಸೂರಿನಲ್ಲಿ ಕರ್ನಾಟಕ ಸಂಗೀತ. ಬಳಿಕ, ಮಲ್ಲಿಕಾರ್ಜುನ ಮನ್ಸೂರರ ಗುರುಗಳೂ ಆಗಿದ್ದ ನೀಲಕಂಠಬುವಾ ಅವರಲ್ಲಿ ಹಿಂದುಸ್ತಾನಿ. ಎರಡೂ ಪದ್ಧತಿ ಕೈವಶವಾದ ಈ ಬ್ರಹ್ಮಚಾರಿ ದರ್ಬಾರುಗಳನ್ನು ಅರಸಲಿಲ್ಲ. ಅಂಧರನ್ನೂ ಅನಾಥರನ್ನೂ ಕಟ್ಟಿಕೊಂಡು ಊರೂರು ತಿರುಗಿದರು. ಅವರ ಪಾಠಶಾಲೆಗೆ ಗೋಡೆಯಿರಲಿಲ್ಲ. ಬಿಡಾರ ಬಿಟ್ಟ ಗುಡಿಯೇ ಶಾಲೆ. ಇತಿಹಾಸ ಬರೆಯುವವರು ಅವರ ರಾಗಗಳನ್ನು ಎಣಿಸುತ್ತಾರೆ. ನನಗೆ ದೊಡ್ಡದಾಗಿ ಕಾಣುವುದು ಅವರು ಹಾಕಿದ ಅನ್ನ. ಪಂಕ್ತಿಯಲ್ಲಿ ಕೂತ ಅಷ್ಟೂ ಮಕ್ಕಳಿಗೆ ರೊಟ್ಟಿ ಹೊಂದಿಸಲು ಗವಾಯಿಗಳು ಜೋಳಿಗೆ ಹಿಡಿದರು, ನಾಟಕ ಕಂಪನಿಯನ್ನೂ ಕಟ್ಟಿದರು. ಕೊನೆಗೆ ಗದುಗಿನಲ್ಲಿ ಬಸರಿಗಿಡದ ವೀರಪ್ಪನವರು ಜಾಗ ಕೊಟ್ಟು ನೆಲೆ ಮಾಡಿಕೊಟ್ಟರು. ವೀರೇಶ್ವರ ಪುಣ್ಯಾಶ್ರಮ ನಿಂತದ್ದು ಹೀಗೆ.

ಅಲ್ಲಿ ಪಾಠವೆಲ್ಲ ಕಿವಿಯಿಂದ, ಬೆರಳಿನಿಂದ. ಮಗುವಿನ ಬೆರಳು ಹಿಡಿದು ಹಾರ್ಮೋನಿಯಂ ಮನೆಯ ಮೇಲಿಟ್ಟು ಷಡ್ಜ ತೋರಿಸಬೇಕು. ಅಂಗೈ ಹಿಡಿದು ತಬಲಾದ ಮೇಲೆ ಬೋಲು ಕೂರಿಸಬೇಕು. ತಪ್ಪಿದರೆ ಮತ್ತೆ ಮೊದಲಿನಿಂದ. ಇಂಥ ತಾಳ್ಮೆಯ ಶಿಕ್ಷಣದಲ್ಲಿ ಬಸವರಾಜ ರಾಜಗುರು, ಅರ್ಜುನಸಾ ನಾಕೋಡ, ಸಿದ್ಧರಾಮ ಜಂಬಲದಿನ್ನಿ ಬೆಳೆದರು. ಜಾತಿ ಕೇಳುವ ಪದ್ಧತಿ ಆ ಪಂಕ್ತಿಯಲ್ಲಿರಲಿಲ್ಲ.

1944ರ ಜೂನ್ 11ರಂದು ಗವಾಯಿಗಳು ಲಿಂಗೈಕ್ಯರಾದರು. ಸಾಲವೂ ಹಸಿದ ಮಕ್ಕಳೂ ಉಳಿದಿದ್ದ ಆಶ್ರಮ ಮೂವತ್ತರ ಹರೆಯದ ಶಿಷ್ಯ ಪುಟ್ಟರಾಜರ ಹೆಗಲೇರಿತು. ಅವರಿಗೂ ಕಣ್ಣಿರಲಿಲ್ಲ. ನಾಟಕ ಬರೆದು, ಪುರಾಣ ಹೇಳಿ, ಅವರು ಒಲೆ ಆರದಂತೆ ನೋಡಿಕೊಂಡರು. ಭಕ್ತರು ಊರೂರಲ್ಲಿ ತುಲಾಭಾರ ಮಾಡಿದಾಗ ಬಂದ ಕಾಣಿಕೆಯೂ ಮಕ್ಕಳ ತಟ್ಟೆಗೇ ಸೇರಿತು. ಪದ್ಮಭೂಷಣ ಬಂದ 2010ರಲ್ಲೇ, ಸೆಪ್ಟೆಂಬರ್ 17ರಂದು ಅವರೂ ಹೊರಟರು. ಅಂದು ಗದಗ-ಬೆಟಗೇರಿಗೆ ಶಿರಹಟ್ಟಿ, ಮುಂಡರಗಿ, ಲಕ್ಷ್ಮೇಶ್ವರಗಳ ಕಡೆಯಿಂದಲೂ ಜನ ಹರಿದುಬಂದರು.

ಗುರುವಿನ ಹಿರಿಮೆ ಅವರ ಕಂಠದಲ್ಲಷ್ಟೇ ಇದ್ದಿದ್ದರೆ 1944ಕ್ಕೆ ಮುಗಿದುಹೋಗುತ್ತಿತ್ತು. ಆಶ್ರಮದಲ್ಲಿ ಅನ್ನವೂ ಪಾಠವೂ ಇಂದಿಗೂ ನಡೆದಿವೆ. ಗದುಗಿಗೆ ಬಂದವರು ತ್ರಿಕೂಟೇಶ್ವರ, ವೀರನಾರಾಯಣ ನೋಡಿಕೊಂಡು ಇಲ್ಲಿಗೂ ಬನ್ನಿ. ಮಕ್ಕಳ ಪಾಠ ನಡೆಯುವ ಹೊತ್ತಿಗೇ ಬನ್ನಿ.