ಆದ್ರಿಯಾನ್ ಕೂನನ್

ಆದ್ರಿಯಾನ್ ಕೂನನ್ : 1514-87. ನೆದರ್ಲೆಂಡ್ಸಿನ ಮೀನು ವ್ಯಾಪಾರಿ, ಕಡಲಜೀವಿಗಳ ಚಿತ್ರಕಾರ. ಹೇಗ್ ನಗರದ ಮಗ್ಗುಲಲ್ಲಿರುವ ಸ್ಖೆವೆನಿಂಗೆನ್ ಎಂಬ ಮೀನುಗಾರರ ಹಳ್ಳಿಯವನು, ಮೀನುಗಾರನ ಮಗ. 1577ರಲ್ಲಿ, ತನ್ನ 63ನೆಯ ವಯಸ್ಸಿನಲ್ಲಿ, ಬರೆಯಲು ಹಿಡಿದು 1580ರ ಹೊತ್ತಿಗೆ ಮುಗಿಸಿದ ವಿಸ್‌ಬೂಕ್ (ಮೀನಿನ ಪುಸ್ತಕ) ಎಂಬ ಸಚಿತ್ರ ಹಸ್ತಪ್ರತಿಯಿಂದ ಈತ ಹೆಸರಾಗಿದ್ದಾನೆ. 16ನೆಯ ಶತಮಾನದ ಉತ್ತರ ಸಮುದ್ರವನ್ನು ಅಲ್ಲಿ ದುಡಿದು ಬದುಕಿದವನ ಕಣ್ಣಿನಿಂದಲೇ ತೋರಿಸುವ ಇಂಥ ಇನ್ನೊಂದು ಕೃತಿ ಸಿಗುವುದು ಕಷ್ಟ.

ಸ್ಖೆವೆನಿಂಗೆನ್‌ಗೆ ಆಗ ಬಂದರು ಇರಲಿಲ್ಲ. ಅದು ಬಂದದ್ದು 20ನೆಯ ಶತಮಾನದ ಆರಂಭದಲ್ಲಿ. ದೋಣಿಗಳನ್ನು ಮರಳ ದಂಡೆಗೇ ಎಳೆದು ಮೀನು ಇಳಿಸಬೇಕಿತ್ತು. ಈ ಊರಿನಲ್ಲಿ ಕೂನನ್ ಮೀನಿನ ಹರಾಜು ಕೂಗುವವನಾಗಿ, ಸಗಟು ವ್ಯಾಪಾರಿಯಾಗಿ ದುಡಿದ. ಜೊತೆಗೆ ಇನ್ನೊಂದು ಅಧಿಕಾರವೂ ಕೈಯಲ್ಲಿತ್ತು. ಒಡೆದ ಹಡಗಿನ ಸರಕು, ಸತ್ತ ತಿಮಿಂಗಿಲ, ಹೀಗೆ ಕಡಲು ದಡಕ್ಕೆ ತಂದು ಹಾಕಿದ್ದನ್ನೆಲ್ಲ ಸರ್ಕಾರದ ಪರವಾಗಿ ವಶಕ್ಕೆ ಪಡೆದು ಲೆಕ್ಕವಿಡುವ ಕೆಲಸ ಅದು. ಬಲೆಗೆ ವಿಚಿತ್ರವಾದದ್ದೇನಾದರೂ ಬಿದ್ದರೆ ಮೀನುಗಾರರು ಇವನ ಬಳಿಗೇ ತರುತ್ತಿದ್ದರು. ಕೆಲವನ್ನು ಒಣಗಿಸಿ ಇಟ್ಟುಕೊಳ್ಳುತ್ತಿದ್ದ. ಮುಂದೆ ಆ ಒಣಮೀನುಗಳನ್ನೂ ತನ್ನ ಪುಸ್ತಕವನ್ನೂ ಜಾತ್ರೆಯಲ್ಲಿ ಜನರಿಗೆ ಹಣ ಪಡೆದು ತೋರಿಸಿದ್ದುಂಟು.

ವಿಸ್‌ಬೂಕ್‌ನಲ್ಲಿ 800ಕ್ಕೂ ಹೆಚ್ಚು ಪುಟಗಳಿವೆ. ಪುಟಗಳ ಅಂಚಿಗೆ ಬಣ್ಣದ ಚೌಕಟ್ಟು, ಒಳಗೆ ಶಾಯಿ ಮತ್ತು ಜಲವರ್ಣದ ಚಿತ್ರ, ಅದರ ಸುತ್ತ ಉಳಿದ ಜಾಗದಲ್ಲಿ ಕೈಬರಹ. ಬರವಣಿಗೆಯಲ್ಲಿ ಮೀನು ಯಾವಾಗ, ಎಲ್ಲಿ, ಹೇಗೆ ಸಿಗುತ್ತದೆ, ತಿನ್ನಲು ಬರುತ್ತದೆಯೇ ಎಂಬ ವಿವರಗಳು ಬರುತ್ತವೆ. ನಮ್ಮ ಕರಾವಳಿಯ ಭೂತಾಯಿಯ ಬಳಗಕ್ಕೆ ಸೇರಿದ ಹೆರಿಂಗ್ ಮೀನಿಗೆ ವಿಶೇಷ ಗೌರವ. ಹಾಲೆಂಡಿನ ಸಂಪತ್ತಿಗೆ ಅದು ಆಧಾರವಾಗಿತ್ತು. ಕೂನನ್ ಚಿತ್ರಕಲೆ ಕಲಿತವನಲ್ಲ. ಗೆರೆ ಕೆಲವೆಡೆ ಒರಟು, ಅಳತೆ ಕೆಲವೆಡೆ ತಪ್ಪು. ಆದರೂ ತೊರಕೆ, ನಂಗುಗಳ ಜಾತಿಯ ದಡದ ಮೀನುಗಳನ್ನು ಬರೆಯುವಾಗ ಅವನ ಕೈ ತಡವರಿಸುವುದಿಲ್ಲ. ದಿನಬೆಳಗಾದರೆ ನೂರಾರು ಮೀನು ಮುಟ್ಟಿ ಬೆಲೆ ಕಟ್ಟಿದವನ ಪರಿಚಯ ಅದು. ಕಲಾಶಾಲೆಯಲ್ಲಿ ಸಿಗುವಂಥದ್ದಲ್ಲ.

ಅದೇ ಕಾಲದಲ್ಲಿ ಫ್ರಾನ್ಸಿನ ರೋಂಡೆಲೆ, ಸ್ವಿಟ್ಜರ್ಲೆಂಡಿನ ಗೆಸ್ನರ್ ಮೊದಲಾದ ವಿದ್ವಾಂಸರು ಮೀನುಗಳ ಬಗ್ಗೆ ಲ್ಯಾಟಿನ್‌ನಲ್ಲಿ ದೊಡ್ಡ ಗ್ರಂಥಗಳನ್ನು ಅಚ್ಚು ಹಾಕಿಸಿದ್ದರು. ಕೂನನ್ ಬರೆದದ್ದು ತನ್ನೂರಿನ ಡಚ್ ಭಾಷೆಯಲ್ಲಿ. ಹಾಲೆಂಡಿನ ಉಚ್ಚ ನ್ಯಾಯಾಲಯದ ಅಧ್ಯಕ್ಷ ಕಾರ್ನೆಲಿಸ್ ಸೌಸ್ ಈತನಿಗೆ ಪುಸ್ತಕಗಳನ್ನು ಎರವಲು ಕೊಡುತ್ತಿದ್ದ. ಸ್ವೀಡನ್ನಿನ ಓಲಾಸ್ ಮ್ಯಾಗ್ನಸ್‌ನ ಉತ್ತರ ದೇಶಗಳ ವರ್ಣನೆಯಂಥ ಗ್ರಂಥಗಳಿಂದ ಈತ ದೂರದ ಕಡಲಿನ ಪ್ರಾಣಿಗಳನ್ನು ನಕಲು ಮಾಡಿಕೊಂಡ. ಹಾಗಾಗಿ ಕಣ್ಣಾರೆ ಕಂಡ ಮೀನಿನ ಜೊತೆಗೇ ಮತ್ಸ್ಯಕನ್ಯೆಯರೂ ಕಡಲ ಬಿಷಪ್ಪನೂ (ಪಾದ್ರಿಯನ್ನು ಹೋಲುವ ಕಲ್ಪಿತ ಕಡಲಪ್ರಾಣಿ) ಸೇರಿಕೊಂಡಿದ್ದಾರೆ. ಇದನ್ನು ಕೂನನ್‌ನ ಮುಗ್ಧತೆ ಎಂದು ತಳ್ಳಿಹಾಕುವುದು ನ್ಯಾಯವಲ್ಲ, ಗೆಸ್ನರ್‌ನಂಥ ಪಂಡಿತನ ಗ್ರಂಥದಲ್ಲೂ ಅವು ಇವೆ.

ಮೀನುಗಳ ಬಗೆಯನ್ನೂ ಗಾಳ ಹಾಕುವ ಕ್ರಮವನ್ನೂ ಬರೆದಿಡುವುದು ಕನ್ನಡ ನಾಡಿಗೂ ಹೊಸದಲ್ಲ. ಕಲ್ಯಾಣದ ಚಾಲುಕ್ಯ ದೊರೆ 3ನೆಯ ಸೋಮೇಶ್ವರನ ಸಂಸ್ಕೃತ ಗ್ರಂಥ ಮಾನಸೋಲ್ಲಾಸದಲ್ಲಿ (12ನೆಯ ಶತಮಾನ) ಮತ್ಸ್ಯವಿನೋದ ಎಂಬ ಭಾಗವೇ ಇದೆ. ಅಲ್ಲಿ ಮೀನು ಹಿಡಿಯುವುದು ರಾಜನ ವಿನೋದ. ಕೂನನ್‌ಗೆ ಅದು ಹೊಟ್ಟೆಪಾಡು. ಬಲೆ ಎಳೆದ ಕುಟುಂಬದವನೇ ಲೇಖನಿ, ಕುಂಚ ಹಿಡಿದದ್ದು ವಿಸ್‌ಬೂಕ್‌ನ ದೊಡ್ಡ ಸಂಗತಿ.

ಪುಸ್ತಕ ಆರಂಭವಾದ 1577ರಲ್ಲೇ ಹತ್ತಿರದ ಟೆರ್ ಹೈಡೆ ಎಂಬ ಹಳ್ಳಿಯ ದಡದಲ್ಲಿ ಸ್ಪರ್ಮ್ ತಿಮಿಂಗಿಲಗಳು ಸಿಕ್ಕಿಬಿದ್ದವು. ಅಂಥ ಘಟನೆಗಳನ್ನು ದೈವದ ಎಚ್ಚರಿಕೆ ಎಂದು ಜನ ಹೆದರುತ್ತಿದ್ದ ಕಾಲ ಅದು. ಸ್ಪೇನಿನ ವಿರುದ್ಧ ಯುದ್ಧವೂ ನಡೆದಿತ್ತು. ತಿಮಿಂಗಿಲಗಳ ಬಗೆಗಿನ ಆಸಕ್ತಿ ಈತನನ್ನು ಕೊನೆಯವರೆಗೂ ಬಿಡಲಿಲ್ಲ. ಎಪ್ಪತ್ತು ದಾಟಿದ ಮೇಲೆ, 1580ರ ದಶಕದ ನಡುವಿನಲ್ಲಿ, ತಿಮಿಂಗಿಲಗಳಿಗೇ ಮೀಸಲಾದ ಇನ್ನೊಂದು ಹಸ್ತಪ್ರತಿ ಸಿದ್ಧಪಡಿಸಿದ. ಚಿತ್ರಕಾರ ಹೆಂಡ್ರಿಕ್ ಹೋಲ್ಟ್ಸಿಯಸ್ ಬರ್ಕ್‌ಹೈ ಎಂಬಲ್ಲಿ ದಡಕ್ಕೆ ಬಿದ್ದ ತಿಮಿಂಗಿಲವನ್ನು ಚಿತ್ರಿಸಿ ಡಚ್ ಕಲೆಯಲ್ಲಿ ಈ ವಸ್ತುವನ್ನು ಪ್ರಸಿದ್ಧಗೊಳಿಸಿದ್ದು 1598ರಲ್ಲಿ, ಕೂನನ್ ತೀರಿಕೊಂಡು ಹನ್ನೊಂದು ವರ್ಷಗಳಾದ ಮೇಲೆ.

ಕೂನನ್‌ನ ಜೀವಿತಕಾಲದಲ್ಲಿ ವಿಸ್‌ಬೂಕ್ ಅಚ್ಚಾಗಲಿಲ್ಲ. ವಿದ್ವತ್ ಲೋಕ ಬಹುಕಾಲ ಇತ್ತ ತಿರುಗಿ ನೋಡಲೂ ಇಲ್ಲ. ಇತಿಹಾಸಕಾರರಾದ ಫ್ಲೋರಿಕೆ ಎಗ್ಮಂಡ್ ಮತ್ತು ಪೀಟರ್ ಮೇಸನ್ 2003ರಲ್ಲಿ ತಿಮಿಂಗಿಲಗಳ ಹಸ್ತಪ್ರತಿಯನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿದರು. 2005ರಲ್ಲಿ ಎಗ್ಮಂಡ್ ವಿಸ್‌ಬೂಕ್ ಕುರಿತು ಡಚ್ ಭಾಷೆಯಲ್ಲಿ ಪುಸ್ತಕ ತಂದರು. ತಿಮಿಂಗಿಲಗಳ ಹಸ್ತಪ್ರತಿ ಆಂಟ್ವರ್ಪ್‌ನಲ್ಲಿದೆ. ವಿಸ್‌ಬೂಕ್ ಹೇಗ್‌ನ ರಾಷ್ಟ್ರೀಯ ಗ್ರಂಥಾಲಯದಲ್ಲಿದ್ದು, ಅದರ ಪುಟಗಳನ್ನು ಗ್ರಂಥಾಲಯ ಅಂತರಜಾಲದಲ್ಲಿ ಎಲ್ಲರಿಗೂ ತೆರೆದಿಟ್ಟಿದೆ. ಡಚ್ ಓದಲು ಬಾರದ ಕರಾವಳಿಯ ಕನ್ನಡಿಗರೂ ಚಿತ್ರಗಳಿಗಾಗಿಯೇ ಅದನ್ನು ಒಮ್ಮೆ ತೆರೆದು ನೋಡಬೇಕು.