ಅನ್ಸಾರ್ ದೀನ್ ಮತ್ತು ಟಿಂಬಕ್ಟುವಿನ ಗೋರಿಗಳು

ಟಿಂಬಕ್ಟು ಎಂಬ ಹೆಸರನ್ನು ನಮ್ಮಲ್ಲಿ ಅನೇಕರು ಕೇಳಿರುವುದು ತಲುಪಲಾಗದಷ್ಟು ದೂರದ ಊರು ಎಂಬ ಅರ್ಥದಲ್ಲಿ. ಆದರೆ ಅದು ಜನ ಬಾಳಿ ಬದುಕುವ ನಿಜವಾದ ಊರು. ಪಶ್ಚಿಮ ಆಫ್ರಿಕದ ಮಾಲಿ ದೇಶದಲ್ಲಿ, ಸಹಾರ ಮರುಭೂಮಿಯು ನೈಜರ್ ನದಿಯನ್ನು ಸಮೀಪಿಸುವ ಎಡೆಯಲ್ಲಿದೆ. ಉತ್ತರದಿಂದ ಉಪ್ಪೂ ದಕ್ಷಿಣದಿಂದ ಚಿನ್ನವೂ ಬಂದು ಅಲ್ಲಿ ಕೈ ಬದಲಾಯಿಸುತ್ತಿದ್ದವು. ಅವುಗಳ ಜೊತೆಗೆ ಗ್ರಂಥಗಳೂ ಬಂದವು. ಹದಿನಾರನೆಯ ಶತಮಾನದ ಪ್ರವಾಸಿ ಲಿಯೋ ಆಫ್ರಿಕಾನಸ್, ಅಲ್ಲಿ ಉಳಿದೆಲ್ಲ ಸರಕಿಗಿಂತ ಪುಸ್ತಕಗಳ ವ್ಯಾಪಾರವೇ ಹೆಚ್ಚು ಲಾಭದಾಯಕವೆಂದು ಬರೆದಿಟ್ಟಿದ್ದಾನೆ. 1591ರಲ್ಲಿ ಮೊರಾಕೊದ ಸೇನೆ ಆ ನಾಡನ್ನು ಗೆದ್ದು, ಕೆಲವು ವರ್ಷಗಳ ಬಳಿಕ ಅಹಮದ್ ಬಾಬಾ ಎಂಬ ಮಹಾವಿದ್ವಾಂಸನನ್ನು ಸೆರೆ ಒಯ್ದಾಗ, ಆತ ಕಳೆದುಕೊಂಡುದು 1,600 ಗ್ರಂಥಗಳನ್ನು. ಊರಿನ ಸುತ್ತಲೂ ಸೂಫಿ ಸಂತರ ಗೋರಿಗಳಿವೆ. ‘ಮುನ್ನೂರ ಮೂವತ್ತಮೂರು ಸಂತರ ನಗರಿ’ ಎಂಬುದು ಅದರ ಬಿರುದು.

ಇಂಥ ಊರನ್ನು 2012ರ ಏಪ್ರಿಲ್‌ನಿಂದ ಸುಮಾರು ಹತ್ತು ತಿಂಗಳ ಕಾಲ ತನ್ನ ಹಿಡಿತದಲ್ಲಿ ಇಟ್ಟುಕೊಂಡುದು ‘ಅನ್ಸಾರ್ ದೀನ್’, ಎಂದರೆ ‘ಧರ್ಮದ ಸಹಾಯಕರು’ ಎಂಬ ಸಶಸ್ತ್ರ ಪಂಗಡ. ಅದರ ಚರಿತ್ರೆಯನ್ನು ಕೇವಲ ಮತಾಂಧತೆಯ ಕಥೆಯೆಂದು ಹೇಳಿ ಮುಗಿಸಿದರೆ ಮುಖ್ಯವಾದ ಸಂಗತಿಯೇ ತಪ್ಪಿಹೋಗುತ್ತದೆ.

ಮಾಲಿಯ ಉತ್ತರ ಭಾಗದಲ್ಲಿ ಪಶುಪಾಲಕರಾದ ತುವಾರೆಗ್ ಜನ ವಾಸಿಸುತ್ತಾರೆ. 1960ರಲ್ಲಿ ದೇಶ ಸ್ವತಂತ್ರವಾದಾಗ ಅಧಿಕಾರ ದೂರದ ದಕ್ಷಿಣದಲ್ಲಿರುವ ಬಮಾಕೊ ನಗರದ ಪಾಲಾಯಿತು. 1963ರಲ್ಲಿ ಅವರು ಎದ್ದ ದಂಗೆಯನ್ನು ಸರ್ಕಾರ ನಿರ್ದಯವಾಗಿ ಅಡಗಿಸಿತು. ಮುಂದೆ 1970 ಮತ್ತು 1980ರ ದಶಕಗಳ ಬರಗಾಲಗಳಲ್ಲಿ ದನಕರುಗಳು ಸತ್ತವು. ಯುವಕರು ಕೂಲಿ ಅರಸಿ ಆಲ್ಜೀರಿಯ, ಲಿಬಿಯಗಳಿಗೆ ಹೋದರು. ಲಿಬಿಯದಲ್ಲಿ ಗದ್ದಾಫಿ ಅವರ ಕೈಗೆ ಬಂದೂಕು ಕೊಟ್ಟ. ಅದೇ ಶಿಬಿರಗಳಲ್ಲಿ ಕೆಲವರು ಗಿಟಾರನ್ನೂ ಹಿಡಿದರು. ತಿನಾರಿವೆನ್ ಎಂಬ ಪ್ರಸಿದ್ಧ ಗಾಯಕರ ತಂಡ ಬೆಳೆದುದು ಈ ಪರಿಸರದಲ್ಲಿ. ಆ ಗಾಯಕರ ಒಡನಾಡಿಯಾಗಿದ್ದ ಯೋಧನೊಬ್ಬನ ಹೆಸರು ಇಯಾದ್ ಅಗ್ ಗಾಲಿ.

1990ರ ಜೂನ್‌ನಲ್ಲಿ ಮೆನಾಕಾ ಎಂಬಲ್ಲಿ ಎರಡನೆಯ ದಂಗೆ ಆರಂಭವಾದಾಗ ಅದರ ಮುಂದಾಳು ಇವನೇ. 1991ರಲ್ಲಿ ತಾಮನ್‌ರಾಸೆತ್ ಒಪ್ಪಂದಕ್ಕೆ ಸಹಿ ಹಾಕಿದವನೂ ಇವನೇ. ಅಂದು ಅವನ ಬಾಯಲ್ಲಿದ್ದುದು ನಾಡಿನ ಮಾತು; ಧರ್ಮದ ಮಾತಲ್ಲ. ತೊಂಬತ್ತರ ದಶಕದ ಕೊನೆಗೆ ತಬ್ಲೀಗ್ ಪ್ರಚಾರಕರ ಪ್ರಭಾವಕ್ಕೆ ಒಳಗಾದ. 2003ರಲ್ಲಿ ಮರುಭೂಮಿಯಲ್ಲಿ ಸೆರೆಯಾಗಿದ್ದ ಐರೋಪ್ಯ ಪ್ರವಾಸಿಗಳ ಬಿಡುಗಡೆಗೆ ಮಧ್ಯಸ್ಥನಾದ. ಸರ್ಕಾರ ಇವನನ್ನು ರಾಜತಾಂತ್ರಿಕನನ್ನಾಗಿ ಸೌದಿ ಅರೇಬಿಯದ ಜಿದ್ದಾ ನಗರಕ್ಕೆ ಕಳುಹಿಸಿತು. ಉಗ್ರರೊಡನೆ ಸಂಪರ್ಕವಿದೆಯೆಂಬ ಶಂಕೆಯಿಂದ ಆ ದೇಶ 2010ರಲ್ಲಿ ಹೊರಹಾಕಿತು.

2011ರಲ್ಲಿ ಗದ್ದಾಫಿ ಪತನಗೊಂಡ. ತುವಾರೆಗ್ ಸೈನಿಕರು ಶಸ್ತ್ರಾಸ್ತ್ರಗಳೊಡನೆ ಮರಳಿದರು. ‘ಅಜವಾದ್’ ಎಂಬ ಪ್ರತ್ಯೇಕ ನಾಡಿಗಾಗಿ ಹೊಸ ವಿಮೋಚನಾ ರಂಗ ಹುಟ್ಟಿತು. ಇಯಾದ್ ಅದರ ನಾಯಕತ್ವವನ್ನು ಬಯಸಿದ, ದೊರೆಯಲಿಲ್ಲ. ತನ್ನ ಕುಲದ ಮುಖಂಡತ್ವವನ್ನು ಬಯಸಿದ, ಅದೂ ದಕ್ಕಲಿಲ್ಲ. ಎರಡು ಬಾಗಿಲುಗಳೂ ಮುಚ್ಚಿದ ಮೇಲೆ ಅವನು ತೆರೆದ ಮೂರನೆಯ ಬಾಗಿಲೇ ಅನ್ಸಾರ್ ದೀನ್. ಅವನ ಶ್ರದ್ಧೆ ಸುಳ್ಳೆಂದು ಹೇಳಬೇಕಾಗಿಲ್ಲ. ಆದರೆ ಶ್ರದ್ಧೆಯೂ ಮಹತ್ವಾಕಾಂಕ್ಷೆಯೂ ಒಂದೇ ನೊಗಕ್ಕೆ ಕಟ್ಟಲ್ಪಟ್ಟವೆಂಬುದು ಸ್ಪಷ್ಟ. ಸಹಾರದ ಅಲ್‌ಖೈದಾ ಶಾಖೆ ಅವನಿಗೆ ಬೆಂಬಲ ನೀಡಿತು.

2012ರ ಮಾರ್ಚ್ 22ರಂದು ಬಮಾಕೊದಲ್ಲಿ ಸೇನಾಕ್ರಾಂತಿಯಾಯಿತು. ಆ ಗೊಂದಲದಲ್ಲಿ ಕೆಲವೇ ದಿನಗಳೊಳಗೆ ಕಿದಾಲ್, ಗಾವೊ, ಟಿಂಬಕ್ಟು ಮೂರೂ ಬಿದ್ದವು. ಏಪ್ರಿಲ್ 6ರಂದು ವಿಮೋಚನಾ ರಂಗ ಅಜವಾದ್‌ನ ಸ್ವಾತಂತ್ರ್ಯವನ್ನು ಘೋಷಿಸಿತು. ಅನ್ಸಾರ್ ದೀನ್‌ಗೆ ಬೇಕಾಗಿದ್ದುದು ಪ್ರತ್ಯೇಕ ರಾಷ್ಟ್ರವಲ್ಲ, ತಾನು ವ್ಯಾಖ್ಯಾನಿಸಿದ ಷರಿಯತ್ತು. ಮೇ ತಿಂಗಳಲ್ಲಿ ಇಬ್ಬರೂ ಮಾಡಿಕೊಂಡ ಒಪ್ಪಂದ ಬಲುಬೇಗ ಮುರಿಯಿತು. ಜೂನ್ ಮುಗಿಯುವ ಮೊದಲೇ ಸ್ವಾತಂತ್ರ್ಯವಾದಿಗಳನ್ನು ಪಟ್ಟಣಗಳಿಂದ ಹೊರದೂಡಲಾಯಿತು. ಹೀಗೆ ಅರ್ಧ ಶತಮಾನದ ಒಂದು ನಿಜವಾದ ದೂರು ಅದನ್ನು ಹೊತ್ತು ಬಂದವರ ಕೈಯಿಂದಲೇ ಜಾರಿಹೋಯಿತು.

ಮುಂದೆ ನಡೆದುದು ಲೋಕಕ್ಕೆ ತಿಳಿದಿದೆ. ಸಂಗೀತ ನಿಷಿದ್ಧವಾಯಿತು, ಹೆಂಗಸರ ಉಡುಪಿಗೆ ಕಾವಲು ಬಿತ್ತು, ಬಹಿರಂಗವಾಗಿ ಛಡಿಯೇಟುಗಳು ಬಿದ್ದವು. ಯುನೆಸ್ಕೋ ಟಿಂಬಕ್ಟುವನ್ನು ಅಪಾಯದಲ್ಲಿರುವ ಪರಂಪರೆಯ ತಾಣಗಳ ಪಟ್ಟಿಗೆ ಸೇರಿಸಿದ ಎರಡೇ ದಿನಗಳಲ್ಲಿ, ಜೂನ್ 30ರಂದು, ಗುದ್ದಲಿ ಪಿಕಾಸಿಗಳೊಡನೆ ಗೋರಿಗಳ ಧ್ವಂಸ ಆರಂಭವಾಯಿತು. ಸೀದಿ ಯಾಹ್ಯಾ ಮಸೀದಿಯಲ್ಲಿ ಒಂದು ಬಾಗಿಲಿತ್ತು. ಲೋಕಾಂತ್ಯದ ದಿನದವರೆಗೆ ಅದು ತೆರೆಯಬಾರದೆಂಬುದು ಜನರ ನಂಬಿಕೆ. ಅದನ್ನೂ ಒಡೆದರು. ಇಲ್ಲಿ ಒಡೆದವರೂ ಮುಸಲ್ಮಾನರು, ಒಡೆದುದನ್ನು ಕಂಡು ಅತ್ತವರೂ ಮುಸಲ್ಮಾನರು ಎಂಬುದನ್ನು ಮರೆಯಬಾರದು. ಶತಮಾನಗಳಿಂದ ಖುರಾನನ್ನು ಓದಿ, ನಕಲು ಮಾಡಿ, ಅದಕ್ಕೆ ಟೀಕೆ ಬರೆದ ಊರಿಗೆ ಇಸ್ಲಾಮನ್ನು ಕಲಿಸಲು ಇವರು ಬಂದಿದ್ದರು.

ಇನ್ನೊಂದು ಸಂಗತಿ ವಿಚಾರಕ್ಕೆ ಯೋಗ್ಯವಾಗಿದೆ. ಉತ್ತರ ಆಫ್ರಿಕದ ಅಲ್‌ಖೈದಾ ಮುಖ್ಯಸ್ಥ ದ್ರುಕ್ದೆಲ್ ಬರೆದ ಪತ್ರವೊಂದು ಮುಂದೆ ಟಿಂಬಕ್ಟುವಿನಲ್ಲಿ ಸಿಕ್ಕಿತು. ಗೋರಿಗಳನ್ನು ಒಡೆಯುವುದರಲ್ಲಿ, ಶಿಕ್ಷೆಗಳನ್ನು ಹೇರುವುದರಲ್ಲಿ ಅತಿ ಅವಸರವಾಯಿತು, ಇದರಿಂದ ಜನ ದೂರವಾಗುತ್ತಾರೆ ಎಂದು ಅದರಲ್ಲಿ ಆಕ್ಷೇಪವಿತ್ತು. ಅವನಿಗೆ ಕೃತ್ಯ ತಪ್ಪೆನಿಸಲಿಲ್ಲ, ಕಾಲ ತಪ್ಪೆನಿಸಿತು.

ಜನರಾದರೋ ಸುಮ್ಮನೆ ಕುಳಿತಿರಲಿಲ್ಲ. ಮನೆತನದ ಗ್ರಂಥಭಂಡಾರದ ವಾರಸುದಾರ ಅಬ್ದೆಲ್ ಕಾದರ್ ಹೈದರಾ ಮತ್ತು ಅವರ ಸಂಗಡಿಗರು ಹಸ್ತಪ್ರತಿಗಳನ್ನು ತಗಡಿನ ಪೆಟ್ಟಿಗೆಗಳಲ್ಲಿ ತುಂಬಿ, ಕತ್ತೆಗಾಡಿಗಳಲ್ಲಿ, ವಾಹನಗಳಲ್ಲಿ, ನೈಜರ್ ನದಿಯ ದೋಣಿಗಳಲ್ಲಿ ಗುಟ್ಟಾಗಿ ಬಮಾಕೊಗೆ ಸಾಗಿಸಿದರು. ಹೀಗೆ ಉಳಿದವು ಮೂರೂವರೆ ಲಕ್ಷವೆಂದು ಅವರ ಲೆಕ್ಕ. 2013ರ ಜನವರಿಯಲ್ಲಿ ಫ್ರೆಂಚ್ ಮತ್ತು ಮಾಲಿ ಪಡೆಗಳು ಸಮೀಪಿಸಿದಾಗ, ಓಡಿಹೋಗುವವರು ಅಹಮದ್ ಬಾಬಾ ಸಂಸ್ಥೆಯಲ್ಲಿ ಹಚ್ಚಿದ ಬೆಂಕಿಯ ಬಳಿಕ ಅಲ್ಲಿಂದ ಕಾಣೆಯಾದವು ಸುಮಾರು ನಾಲ್ಕು ಸಾವಿರ.

ಗೋರಿಗಳನ್ನು ಊರಿನ ಮೇಸ್ತ್ರಿಗಳೇ ಹಳೆಯ ವಿಧಾನದಲ್ಲಿ ಮಣ್ಣಿನಿಂದ 2015ರ ಹೊತ್ತಿಗೆ ಮತ್ತೆ ಕಟ್ಟಿದರು. ಧ್ವಂಸದ ಮುಂದಾಳು ಅಹಮದ್ ಅಲ್-ಮಹದಿಯನ್ನು ಹೇಗ್‌ನ ಅಂತರರಾಷ್ಟ್ರೀಯ ಕ್ರಿಮಿನಲ್ ನ್ಯಾಯಾಲಯ 2016ರಲ್ಲಿ ಶಿಕ್ಷಿಸಿತು. ಆತ ತಪ್ಪೊಪ್ಪಿಕೊಂಡ. ಸ್ಮಾರಕಗಳ ನಾಶವನ್ನೇ ಮುಖ್ಯ ಯುದ್ಧಾಪರಾಧವಾಗಿ ಆ ನ್ಯಾಯಾಲಯ ವಿಚಾರಿಸಿದುದು ಅದೇ ಮೊದಲು. ಹಸ್ತಪ್ರತಿಗಳ ಮೊದಲ ಕಂತು 2025ರ ಆಗಸ್ಟ್‌ನಲ್ಲಿ ಟಿಂಬಕ್ಟುವಿಗೆ ಮರಳಿತು.

ಆದರೆ ಚರಿತ್ರೆ ಇಲ್ಲಿ ಸುಖಾಂತವಾಗಲಿಲ್ಲ. 2017ರಲ್ಲಿ ಅನ್ಸಾರ್ ದೀನ್ ಇತರ ಪಂಗಡಗಳೊಡನೆ ಸೇರಿ ಅಲ್‌ಖೈದಾಗೆ ನಿಷ್ಠವಾದ ದೊಡ್ಡ ಕೂಟವಾಯಿತು, ನಾಯಕ ಇಯಾದನೇ. ಫ್ರೆಂಚ್ ಸೇನೆ 2022ರಲ್ಲಿ, ವಿಶ್ವಸಂಸ್ಥೆಯ ಪಡೆ 2023ರಲ್ಲಿ ಮಾಲಿಯನ್ನು ಬಿಟ್ಟವು. 2024ರ ಸೆಪ್ಟೆಂಬರ್‌ನಲ್ಲಿ ಆ ಕೂಟ ಬಮಾಕೊ ನಗರದ ಮೇಲೆಯೇ ದಾಳಿ ಮಾಡಿತು. ಬರ, ಕಡೆಗಣನೆ, ಮುರಿದ ಒಪ್ಪಂದಗಳು ಇವೆಲ್ಲ ಹಿಂಸೆಯನ್ನು ಸಮರ್ಥಿಸುವುದಿಲ್ಲ. ಆದರೆ ಅವುಗಳಿಗೆ ಪರಿಹಾರ ಕಾಣದೆ ಬಂದೂಕಿನಿಂದಷ್ಟೇ ಬಂದೂಕನ್ನು ಅಡಗಿಸಲು ಹೊರಟವರು ಒಂದು ಊರನ್ನು ಮರಳಿ ಪಡೆದರು, ನಾಡನ್ನು ಪಡೆಯಲಿಲ್ಲ.