ಕ್ರೀಡಾ ಕೌಶಲಗಳ ವರ್ಗೀಕರಣ ಮತ್ತು ಕಲಿಕೆಯ ವರ್ಗಾವಣೆ

ಕ್ರೀಡಾ ಕೌಶಲಗಳ ವರ್ಗೀಕರಣ ಎಂದರೆ ಆಟೋಟಗಳಲ್ಲಿ ಬಳಕೆಯಾಗುವ ಕೌಶಲಗಳನ್ನು ಅವುಗಳ ಸ್ವರೂಪಕ್ಕೆ ಅನುಗುಣವಾಗಿ ವಿಂಗಡಿಸುವ ಕ್ರಮ. ಒಂದು ಕೌಶಲದಲ್ಲಿ ಪಡೆದ ಅಭ್ಯಾಸವು ಇನ್ನೊಂದರ ಕಲಿಕೆಯ ಮೇಲೆ ಬೀರುವ ಪರಿಣಾಮವನ್ನು ಕಲಿಕೆಯ ವರ್ಗಾವಣೆ ಎನ್ನುತ್ತಾರೆ. ಯಾವ ಅಭ್ಯಾಸವು ಪಂದ್ಯದಲ್ಲಿ ನೆರವಿಗೆ ಬರುತ್ತದೆ ಎಂಬುದನ್ನು ನಿರ್ಧರಿಸಲು ತರಬೇತುದಾರರಿಗೆ ಇವೆರಡರ ತಿಳಿವಳಿಕೆಯೂ ಅಗತ್ಯ.

ವರ್ಗೀಕರಣ

ಪರಿಸರದ ಪ್ರಭಾವವನ್ನು ಆಧರಿಸಿದ ವಿಂಗಡಣೆ ಹೆಚ್ಚು ಪ್ರಚಲಿತವಾಗಿದೆ. ಇ. ಸಿ. ಪೌಲ್ಟನ್ 1957ರಲ್ಲಿ ಕೈಗಾರಿಕಾ ಕೆಲಸಗಳಿಗೆ ಸಂಬಂಧಿಸಿ ಸೂಚಿಸಿದ ‘ತೆರೆದ’ ಮತ್ತು ‘ಮುಚ್ಚಿದ’ ಕೌಶಲಗಳೆಂಬ ಭೇದವನ್ನು ಬಾರ್ಬರಾ ನ್ಯಾಪ್ 1960ರ ದಶಕದಲ್ಲಿ ಕ್ರೀಡೆಗೆ ಅನ್ವಯಿಸಿದರು. ಗುಂಡು ಎಸೆತದಲ್ಲಿ ವೃತ್ತದ ಅಳತೆಯಾಗಲಿ ಗುಂಡಿನ ತೂಕವಾಗಲಿ ಬದಲಾಗುವುದಿಲ್ಲ. ಇದು ಮುಚ್ಚಿದ ಕೌಶಲ. ಕಬಡ್ಡಿಯಲ್ಲಿ ದಾಳಿಗೆ ಹೋದವನಾದರೋ 30 ಸೆಕೆಂಡುಗಳೊಳಗೆ ಎದುರಾಳಿಗಳ ಚಲನೆಯನ್ನು ಗಮನಿಸುತ್ತಲೇ ತನ್ನ ಹೆಜ್ಜೆಯನ್ನು ಬದಲಿಸಬೇಕು. ಇದು ತೆರೆದ ಕೌಶಲ. ಬಹುತೇಕ ಕೌಶಲಗಳು ಈ ಎರಡು ತುದಿಗಳ ನಡುವೆ ಎಲ್ಲೋ ನಿಲ್ಲುತ್ತವೆ. ಒಂದೇ ಆಟದೊಳಗೂ ಈ ಭೇದವಿದೆ: ವಾಲಿಬಾಲ್‌ನ ಸರ್ವ್ ಮುಚ್ಚಿದ ತುದಿಗೆ ಸಮೀಪ, ಆ ಸರ್ವ್ ಅನ್ನು ಎದುರಿಸುವುದು ತೆರೆದ ತುದಿಗೆ ಸಮೀಪ.

ಬಳಸುವ ಸ್ನಾಯುಗಳನ್ನು ಆಧರಿಸಿ ಸ್ಥೂಲ ಮತ್ತು ಸೂಕ್ಷ್ಮ ಎಂದೂ, ಆರಂಭ ಹಾಗೂ ಅಂತ್ಯಗಳ ಸ್ಪಷ್ಟತೆಯನ್ನು ಆಧರಿಸಿ ಬಿಡಿ, ಸರಣಿ ಮತ್ತು ನಿರಂತರ ಎಂದೂ ವಿಂಗಡಿಸುವುದುಂಟು.

ಕಲಿಕೆಯ ವರ್ಗಾವಣೆ

ಹಿಂದಿನ ಕಲಿಕೆ ನೆರವಾದರೆ ಧನಾತ್ಮಕ, ಅಡ್ಡಿಯಾದರೆ ಋಣಾತ್ಮಕ, ಯಾವ ಪರಿಣಾಮವನ್ನೂ ಬೀರದಿದ್ದರೆ ಶೂನ್ಯ ವರ್ಗಾವಣೆ. ಬ್ಯಾಡ್ಮಿಂಟನ್‌ನಲ್ಲಿ ಪಳಗಿದವರು ಟೆನ್ನಿಸ್ ಕಲಿಯುವಾಗ ಎರಡೂ ಬಗೆಯ ಪರಿಣಾಮಗಳು ಒಟ್ಟಿಗೆ ಕಾಣುತ್ತವೆ. ಅಂಕಣದಲ್ಲಿ ಸ್ಥಾನ ಹಿಡಿಯುವ ಜಾಣ್ಮೆ ಉಪಯೋಗಕ್ಕೆ ಬರುತ್ತದೆ. ಮಣಿಕಟ್ಟನ್ನು ಝಾಡಿಸುವ ರೂಢಿ ಮಾತ್ರ ಟೆನ್ನಿಸ್‌ನ ನೆಲಹೊಡೆತಗಳಿಗೆ ತೊಡಕಾಗುತ್ತದೆ. ಬಲಗಾಲಿನಲ್ಲಿ ಕಲಿತ ಒದೆತ ಎಡಗಾಲಿನ ಕಲಿಕೆಗೂ ಒದಗುವುದನ್ನು ದ್ವಿಪಾರ್ಶ್ವ ವರ್ಗಾವಣೆ ಎನ್ನುತ್ತಾರೆ.

ಎಡ್ವರ್ಡ್ ಥಾರ್ನ್‌ಡೈಕ್ ಮತ್ತು ರಾಬರ್ಟ್ ವುಡ್‌ವರ್ತ್ 1901ರಲ್ಲಿ, ಎರಡು ಕಾರ್ಯಗಳಲ್ಲಿ ಸಮಾನ ಅಂಶಗಳಿದ್ದಷ್ಟು ಮಾತ್ರ ವರ್ಗಾವಣೆ ಸಾಧ್ಯವೆಂದು ವಾದಿಸಿದರು. ಚಾರ್ಲ್ಸ್ ಜಡ್ 1908ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆ ಬೇರೊಂದು ಮುಖವನ್ನು ತೋರಿಸಿತು. ಬಾಲಕರ ಎರಡು ಗುಂಪುಗಳು ನೀರಿನೊಳಗಿನ ಗುರಿಗೆ ಬಾಣದಂಥ ಮೊನೆಯ ಕಡ್ಡಿಗಳನ್ನು ಎಸೆದವು. ಒಂದು ಗುಂಪಿಗಷ್ಟೇ ಬೆಳಕಿನ ವಕ್ರೀಭವನದ ತತ್ತ್ವವನ್ನು ಮೊದಲೇ ಬೋಧಿಸಲಾಗಿತ್ತು. ಆರಂಭದಲ್ಲಿ ಎರಡೂ ಗುಂಪುಗಳ ಸಾಧನೆ ಸಮವಾಗಿತ್ತು. ಗುರಿಯ ಆಳವನ್ನು 12 ಅಂಗುಲದಿಂದ 4 ಅಂಗುಲಕ್ಕೆ ಇಳಿಸಿದಾಗ, ತತ್ತ್ವವನ್ನರಿತವರು ಬೇಗನೆ ಹೊಂದಿಕೊಂಡರು. ಬರಿಯ ಅಭ್ಯಾಸವನ್ನೇ ನೆಚ್ಚಿದವರು ತಡವರಿಸಿದರು.

ತರಬೇತಿಯಲ್ಲಿ

ತೆರೆದ ಕೌಶಲವನ್ನು ಮುಚ್ಚಿದ ಕೌಶಲದಂತೆ ಅಭ್ಯಾಸ ಮಾಡಿಸಿದರೆ ವರ್ಗಾವಣೆ ಕುಂಠಿತವಾಗುತ್ತದೆ. ಕ್ರಿಕೆಟ್‌ನ ಬೌಲಿಂಗ್ ಯಂತ್ರ ಇದಕ್ಕೆ ಉತ್ತಮ ನಿದರ್ಶನ. ಹೊಡೆತದ ಭಂಗಿಯನ್ನು ತಿದ್ದಲು ಅದು ನಿಜಕ್ಕೂ ಉಪಯುಕ್ತ. ಆದರೆ ಪಂದ್ಯದಲ್ಲಿ ಬ್ಯಾಟರ್ ಬೌಲರ್‌ನ ಓಟ, ತೋಳು, ಮಣಿಕಟ್ಟುಗಳನ್ನು ನೋಡಿ ಚೆಂಡಿನ ಗತಿಯನ್ನು ಊಹಿಸಬೇಕಾಗುತ್ತದೆ. ಯಂತ್ರದಲ್ಲಿ ಆ ಸುಳಿವುಗಳಿರುವುದಿಲ್ಲವಾದ್ದರಿಂದ ಅಂತಹ ಅಭ್ಯಾಸದ ಜೊತೆಗೆ ನಿಜವಾದ ಬೌಲರ್‌ಗಳನ್ನು ಎದುರಿಸುವ ಅಭ್ಯಾಸವೂ ಬೇಕಾಗುತ್ತದೆ.